ಎಡತೋಳಿನ ಸಣ್ಣ ವ್ಯತ್ಯಾಸ

ಕೊಲೆಯನ್ನು ಕಣ್ಣಾರೆ ಕಂಡವನು ಒಬ್ಬನೇ, ಕಟಿಂಗ್ ಶಾಪಿನವನು. ಅವನ ಮಾತಿನ ಮೇಲೆ, ಲಿಫ್ಟ್ ರಿಪೇರಿ ಮಾಡಿಕೊಂಡಿದ್ದ ಒಬ್ಬನಿಗೆ ಜೀವಾವಧಿ ಶಿಕ್ಷೆಯಾಗಿತ್ತು. ಮೇಲ್ಮನವಿ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಬಂತು. ಅವರಲ್ಲಿ ಹಿರಿಯರು ಕಡತದ ದಾರ ಬಿಚ್ಚುವ ಮೊದಲೇ ಮನಸ್ಸಿನಲ್ಲಿ ಅದನ್ನು ಕಟ್ಟಿ ಮೇಲಿಟ್ಟಾಗಿತ್ತು.

“ಇದರಲ್ಲಿ ಏನಿದೆ ಮೇಡಂ, ನಾವು ತಲೆ ಕೆಡಿಸಿಕೊಳ್ಳೋಕೆ?” ಎಂದರು, ತಮ್ಮ ಕೊಠಡಿಯಲ್ಲಿ ಚಹಾದ ಲೋಟಕ್ಕೆ ಬಿಸ್ಕತ್ತು ಅದ್ದುತ್ತಾ. “ಸಾಕ್ಷಿಗೆ ಆರೋಪಿ ಮೇಲೆ ದ್ವೇಷ ಇಲ್ಲ. ಸತ್ತವನು ಅವನ ನೆಂಟನೂ ಅಲ್ಲ. ಸುಳ್ಳು ಹೇಳೋಕೆ ಒಂದು ಕಾರಣ ಬೇಡ್ವಾ?”

“ಸುಳ್ಳು ಅಂತ ನಾನು ಹೇಳ್ತಿಲ್ಲ ಸರ್. ತಪ್ಪಿರಬಹುದು ಅಂತಿದೀನಿ,” ಎಂದಳು ಕಿರಿಯ ನ್ಯಾಯಮೂರ್ತಿ. ಪೀಠಕ್ಕೆ ಬಂದು ಅವಳಿಗೆ ಇನ್ನೂ ವರ್ಷ ತುಂಬಿರಲಿಲ್ಲ.

“ಎರಡೂ ಒಂದೇ ಅಲ್ವೇನಮ್ಮ?”

ಬಿಸ್ಕತ್ತು ಮುರಿದು ಲೋಟದ ತಳಕ್ಕೆ ಇಳಿಯಿತು. ಅವರು ಬೆರಳು ಹಾಕಿ ಅದನ್ನು ಎತ್ತಿ, ಚೀಪಿ, ಕೈಯನ್ನು ಕರ್ಚೀಫಿಗೆ ಒರೆಸಿಕೊಂಡರು. ಎರಡೂ ಒಂದೇ ಎಂದುಕೊಂಡೇ ಈ ಮನುಷ್ಯ ತಲೆ ನರೆಯುವವರೆಗೆ ಜನರನ್ನು ಜೈಲಿಗೆ ಕಳಿಸಿದ್ದಾರಲ್ಲ ಎಂದು ಹೊಳೆದದ್ದೇ ತಡ, ಅವಳಿಗೆ ತನ್ನ ಚಹಾ ಬೇಡವಾಯಿತು. ವಕೀಲರ ಸಂಘದ ವಾರ್ಷಿಕೋತ್ಸವದಲ್ಲಿ ಮೈಕು ಸಿಕ್ಕಿದರೆ ಸಾಕು, “ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಅಂತಾರೆ ಹಿರಿಯರು” ಎಂದೇ ಇವರ ಭಾಷಣ ಶುರುವಾಗುತ್ತಿತ್ತು. ಗಾದೆ ಮೈಕಿಗೆ, ಬಿಸ್ಕತ್ತು ಕೊಠಡಿಗೆ.

ಪ್ರಕರಣ ದೊಡ್ಡದೇನಲ್ಲ. ಒಂದು ಬೀದಿ. ಬೀದಿಯ ಈಚೆ ಕಟಿಂಗ್ ಶಾಪು, ಆಚೆ ಗಡಿಯಾರ ರಿಪೇರಿ ಅಂಗಡಿ, ಅದರ ಪಕ್ಕದಲ್ಲೇ ಹಿಂದಕ್ಕೆ ಹೋಗುವ ಒಂದು ಓಣಿ. ಒಂದು ಸಂಜೆ ಗಡಿಯಾರದವನನ್ನು ಅವನ ಅಂಗಡಿಯ ಮೆಟ್ಟಿಲ ಮೇಲೇ ಯಾರೋ ಇರಿದು ಓಣಿಯೊಳಗೆ ಓಡಿಹೋದರು. ಎಳೆದಾಟದಲ್ಲಿ ಕೊಲೆಗಾರನ ಅಂಗಿಯ ಬಲತೋಳು ಕಿತ್ತು ಬಂದು ಸತ್ತವನ ಮುಷ್ಟಿಯಲ್ಲಿ ಉಳಿದಿತ್ತು. ಬಲತೋಳಿಲ್ಲದ ಬೂದು ಅಂಗಿ ಓಣಿಯ ಚರಂಡಿಯಲ್ಲಿ ಸಿಕ್ಕಿತು. ಅಂಥ ಬೂದು ಅಂಗಿ ಸಂತೆಯಲ್ಲಿ ರಾಶಿ ರಾಶಿ ಸಿಗುತ್ತದೆ. ಅದು ಯಾರದೆಂದು ಯಾರೂ ಸಾಬೀತು ಮಾಡಲಿಲ್ಲ. ಲಿಫ್ಟಿನವನು ಅದಕ್ಕೆ ಕೆಲವು ದಿನ ಮುಂಚೆ, ತೀರಿಹೋದ ಅಪ್ಪನ ಗಡಿಯಾರದ ಒಳಗಿನ ಸಾಮಾನು ಬದಲಾಯಿಸಿದ್ದಾನೆಂದು ಗಡಿಯಾರದವನ ಜೊತೆ ಬೀದಿಗೆಲ್ಲ ಕೇಳುವ ಹಾಗೆ ಜಗಳವಾಡಿದ್ದ. ಪೊಲೀಸರಿಗೆ ಅಷ್ಟು ಸಾಕಾಯಿತು. ಉಳಿದದ್ದನ್ನು ಕಟಿಂಗ್ ಶಾಪಿನವನ ಕಣ್ಣು ತುಂಬಿಕೊಟ್ಟಿತು.

ಒಂದೇ ಒಂದು ತೊಡಕು. ಆರೋಪಿಯ ಮುಖವನ್ನು ಸ್ಪಷ್ಟವಾಗಿ ಕಂಡೆನೆಂದ ಸಾಕ್ಷಿ, ಹರಿದದ್ದು ಎಡತೋಳು ಎಂದಿದ್ದ. ಪೊಲೀಸರ ಮುಂದೆಯೂ ಎಡ, ಕೋರ್ಟಿನಲ್ಲೂ ಎಡ. ಕೆಳಗಿನ ಕೋರ್ಟು ಬರೆದಿತ್ತು: “ಇದು ಸಣ್ಣ ವ್ಯತ್ಯಾಸ. ಗಿಳಿಪಾಠ ಒಪ್ಪಿಸುವ ಸಾಕ್ಷಿಯಾಗಿದ್ದರೆ ಇಂಥ ವ್ಯತ್ಯಾಸ ಬರುತ್ತಿರಲಿಲ್ಲ. ಆದ್ದರಿಂದ ಈತನು ಸಹಜ ಸಾಕ್ಷಿ.”

ಕಿರಿಯವಳು ಆ ಸಾಲಿನ ಮೇಲೆ ಬೆರಳಿಟ್ಟಳು. “ಸರ್, ಬಲ ಅಂದಿದ್ರೆ ‘ಹೊಂದುತ್ತೆ, ನಂಬ್ತೀವಿ’ ಅಂತಿದ್ವಿ. ಎಡ ಅಂದಿದ್ದಕ್ಕೆ ‘ಹೊಂದಲ್ಲ, ಅದಕ್ಕೇ ನಂಬ್ತೀವಿ’ ಅಂತಿದೀವಿ. ಹಾಗಾದ್ರೆ ಅವನು ಏನು ಹೇಳಿದ್ರೆ ನಾವು ನಂಬ್ತಿರಲಿಲ್ಲ?”

“ಮೇಡಂ, ನಿಮಗೆ ಜಾಗ ನೋಡ್ಬೇಕು ಅಂತಿದ್ರೆ ನೋಡೋಣ ಬಿಡಿ,” ಎಂದರು ಹಿರಿಯರು, ಮಗುವಿಗೆ ಪೆಪ್ಪರಮೆಂಟು ಕೊಡುವವರ ಹಾಗೆ. “ನನಗೂ ಹೊರಗಡೆ ಗಾಳಿ ಬೇಕಾಗಿದೆ.”

ಹೀಗೆ, ಒಂದು ಬೆಳಗ್ಗೆ ಇಡೀ ಕೋರ್ಟು ಬೀದಿಗೆ ಬಂತು: ಇಬ್ಬರು ನ್ಯಾಯಮೂರ್ತಿಗಳು, ಸರ್ಕಾರಿ ವಕೀಲರು, ಆರೋಪಿಯ ಪರ ಸರ್ಕಾರವೇ ನೇಮಿಸಿದ್ದ ವಕೀಲ, ಕಡತ ಹಿಡಿದ ಜವಾನ. ಬೀದಿ ಆಗಲೇ ಸಿಂಗರಿಸಿಕೊಂಡು ನಿಂತಿತ್ತು. ಯಾರೋ ನೀರು ಚಿಮುಕಿಸಿದ್ದರು. ಕೊಲೆಯಾದ ಮೆಟ್ಟಿಲ ಮೇಲೆ ಈಗ ಮೊಬೈಲ್ ಕವರ್ ಮಾರುವವನು ಅಂಗಡಿ ಹರಡಿದ್ದ. ನೋಡಲು ಬಂದವರು ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದ ಊರಿ ಕಡಲೆಕಾಯಿ ಸಿಪ್ಪೆ ಉಗುಳುತ್ತಿದ್ದರು. ಅವರ ಹಿಂದೆ, ಕಂಬಕ್ಕೆ ಒರಗಿ, ಆರೋಪಿಯ ಅಕ್ಕ ನಿಂತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಕಾರ್ಖಾನೆಯಲ್ಲಿ ದುಡಿದು ತಮ್ಮನನ್ನು ಸಾಕಿದವಳು. ಪ್ರತಿ ವಿಚಾರಣೆಗೂ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವಳು ಇಲ್ಲಿಗೂ ಬಂದಿದ್ದಳು. ಯಾರೂ ಕರೆದಿರಲಿಲ್ಲ.

“ಸಾಕ್ಷಿಯಣ್ಣಾ, ಬಂದ್ರು ನೋಡಪ್ಪಾ!” ಎಂದು ಯಾರೋ ಕೂಗಿದರು. ಈಗ ಬೀದಿಯಲ್ಲಿ ಅವನ ಹೆಸರು ಅದೇ.

ಸಾಕ್ಷಿಯಣ್ಣ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಕೈ ಮುಗಿದು ಬಾಗಿಲಿಗೆ ಬಂದ. ಕೆಟ್ಟವನ ಮುಖವಲ್ಲ. ನಗುಮುಖದ, ಬಾಯಿತುಂಬಾ ಮಾತಿನ ಮನುಷ್ಯ. ಆದರೆ ಒಳಗಿನ ಗೋಡೆಯ ಮೇಲೆ, ಅವನ ಫೋಟೋ ಇದ್ದ ಪತ್ರಿಕೆಯ ತುಣುಕಿಗೆ ಕಟ್ಟು ಹಾಕಿಸಿ, ಅದಕ್ಕೆ ಸಣ್ಣ ಬಣ್ಣದ ದೀಪ ಹಾಕಿದ್ದ. ಫೋಟೋದಲ್ಲಿ ಅವನು ಬೆರಳು ತೋರಿಸುತ್ತಿದ್ದ. ಬೆರಳ ತುದಿಗೆ, ಕಟ್ಟಿನ ಆಚೆ, ಯಾರದೋ ಜೀವನವಿತ್ತು.

“ಬನ್ನಿ ಸ್ವಾಮಿ, ಬನ್ನಿ ತಾಯಿ. ಕೂತ್ಕೊಳ್ಳಿ. ನಿಮ್ಮಂಥವರ ಪಾದ ಈ ಅಂಗಡಿಗೆ…”

ಮಂಡಿನೋವಿನ ಹಿರಿಯರು ಇದ್ದ ಒಂದೇ ಎತ್ತರದ ಕುರ್ಚಿಯಲ್ಲಿ ಕೂತರು. ಕೂತದ್ದೇ, ಕೈಯ ಅಭ್ಯಾಸಕ್ಕೆ ಸಾಕ್ಷಿಯಣ್ಣ ಅವರ ಕೊರಳಿಗೆ ಬಟ್ಟೆ ಸುತ್ತಿಬಿಟ್ಟ. ಎಲ್ಲರೂ ಕಕ್ಕಾಬಿಕ್ಕಿಯಾದರು, ಹಿರಿಯರೊಬ್ಬರನ್ನು ಬಿಟ್ಟು.

“ಕಿವಿ ಮೇಲೆ ಸ್ವಲ್ಪ ಬೆಳೆದಿದೆ ಸ್ವಾಮಿ.”

“ಹಾಂ? ಹೌದಾ? ಇರಲಿ… ಸ್ವಲ್ಪವೇ ತೆಗಿ.”

ಕತ್ತರಿ ಕಿಚಕಿಚ ಎಂದಿತು. ಒಬ್ಬ ಜೀವಾವಧಿ ಕೈದಿಯ ಮೇಲ್ಮನವಿಯ ಸ್ಥಳ ಪರಿಶೀಲನೆ ನಡೆದಿದೆ, ನ್ಯಾಯಮೂರ್ತಿಗಳು ಕ್ರಾಪು ಮಾಡಿಸಿಕೊಳ್ಳುತ್ತಿದ್ದಾರೆ. ಸರ್ಕಾರಿ ವಕೀಲರು ಹಲ್ಲು ಕಿರಿದರು. ಆರೋಪಿಯ ವಕೀಲ ಹಲ್ಲು ಕಿರಿಯಲೂ ಇಲ್ಲ; ಅವನು ಮೊಬೈಲಿನಲ್ಲಿ ಮುಳುಗಿದ್ದ. ಕಿರಿಯವಳು ನೆಲ ನೋಡಿದಳು. ನೆಲದ ಮೇಲೆ ಬೆಳಗಿನಿಂದ ಬಿದ್ದ ಯಾರುಯಾರದೋ ಕೂದಲು, ಅದರ ಮೇಲೆ ಈಗ ನ್ಯಾಯಪೀಠದ ಬಿಳಿಗೂದಲು.

“ನಡೆದದ್ದು ಹೇಳಪ್ಪ,” ಎಂದಳು.

ಹೇಳು ಅನ್ನುವುದೇ ಬೇಕಾಗಿತ್ತು. ಅವನು ಎಷ್ಟೋ ಗಿರಾಕಿಗಳಿಗೆ ಹೇಳಿ ಹೇಳಿ ನುಣುಪಾಗಿಸಿದ್ದ ಕಥೆ. ಎಲ್ಲಿ ದನಿ ಇಳಿಸಬೇಕು, ಎಲ್ಲಿ ಕತ್ತರಿ ನಿಲ್ಲಿಸಬೇಕು ಎಲ್ಲ ಗೊತ್ತಿತ್ತು. “ಚೂರಿ ಮೇಲೆ ಎತ್ತಿದ ತಾಯಿ, ಸಂಜೆ ಬಿಸಿಲು ಅದರ ಮೇಲೆ ಬಿತ್ತು ನೋಡಿ, ಫಳ್! ಅಂತು. ಗಡಿಯಾರದಣ್ಣ ‘ಅಯ್ಯೋ’ ಅಂದ. ತೋಳು ಪರ್ ಅಂತ ಹರೀತು. ಆಮೇಲೆ ಓಡೋ ಮುಂಚೆ ತಿರುಗಿ ನನ್ನನ್ನೇ ನೋಡ್ದ. ಕಣ್ಣು ಅಂದ್ರೆ ಕೆಂಡ! ಸತ್ತರೂ ಮರೆಯಲ್ಲ ಆ ಮುಖ.”

ಬಾಗಿಲಲ್ಲಿ ಇಣುಕುತ್ತಿದ್ದವರಲ್ಲಿ ಒಬ್ಬ, “ಮೊದಲು ಕೆಂಡ ಇರಲಿಲ್ಲ ಕಣಣ್ಣಾ, ಬರೀ ಕೆಂಪು ಇತ್ತು,” ಎಂದ. ನಗು ಎದ್ದಿತು.

“ಸುಮ್ನಿರೋ! ಮೊದಲು ಗಾಬರಿ ಇರುತ್ತಲ್ಲ. ಆಮೇಲೆ ಆಮೇಲೆ ಮುಖ ಚೆನ್ನಾಗಿ ಕೂತ್ಕೊಳ್ತು.”

“ಆಮೇಲೆ ಅಂದ್ರೆ ಯಾವಾಗ?” ಎಂದಳು ಕಿರಿಯವಳು.

“ಸ್ಟೇಷನ್‌ನಲ್ಲಿ ತಾಯಿ. ಸಾಹೇಬ್ರು ಅವನನ್ನ ಬೆಂಚ್ ಮೇಲೆ ಕೂರಿಸಿದ್ರು. ‘ನೋಡು, ಇವನೇ ಅಲ್ವಾ, ನಿಧಾನವಾಗಿ ನೋಡು’ ಅಂದ್ರು. ನನಗೂ ಚಹಾ ತರಿಸಿಕೊಟ್ರು. ನೋಡ್ತಾ ನೋಡ್ತಾ ಹೌದು ಅನ್ನಿಸ್ತು. ಆಮೇಲೆ ಸಾಲಲ್ಲಿ ನಿಲ್ಲಿಸಿ ಗುರುತು ಹಿಡಿ ಅಂದಾಗ ಥಟ್ ಅಂತ ಹಿಡಿದೆ!”

ಸರ್ಕಾರಿ ವಕೀಲರಿಗೆ ಕೆಮ್ಮು ಬಂತು. ಸಾಕ್ಷಿಯಣ್ಣನ ಮುಖದಲ್ಲಿ ಹೆಮ್ಮೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಸುಳ್ಳು ಹೇಳುವವನಿಗೆ ನಿಜ ಯಾವುದೆಂದು ಗೊತ್ತಿರಬೇಕು. ಇವನ ಹತ್ತಿರ ಅದು ಎಂದೋ ಕರಗಿಹೋಗಿತ್ತು. ಕರಗಿಸಿದವರು ಚಹಾ ತರಿಸಿಕೊಟ್ಟಿದ್ದರು.

ಆಗ ಅವಳಿಗೆ ಕನ್ನಡಿ ಕಂಡಿತು. ಬಂದಾಗಿನಿಂದ ಎದುರಿಗೇ ಇತ್ತು. ಬಾಗಿಲಿಗೆ ಎದುರಾದ ಗೋಡೆಯ ತುಂಬಾ ಕನ್ನಡಿ, ಅದಕ್ಕೆ ಮುಖ ಮಾಡಿ ಕುರ್ಚಿ, ಕುರ್ಚಿಯ ಹಿಂದೆ ಬೀದಿಗೆ ಬೆನ್ನು ಹಾಕಿ ನಿಂತ ಸಾಕ್ಷಿಯಣ್ಣ. ಇಷ್ಟು ಹೊತ್ತು ಅವನು ಅವಳ ಜೊತೆ ಮಾತಾಡಿದ್ದೂ ಕನ್ನಡಿಯಲ್ಲೇ.

“ಆವತ್ತು ಕುರ್ಚೀಲಿ ಯಾರಾದ್ರೂ ಇದ್ರಾ?”

“ಇದ್ರು ತಾಯಿ, ಯಾರೋ ದಾರಿಹೋಕರು, ಗಡ್ಡ ಮಾಡ್ತಿದ್ದೆ. ಗಲಾಟೆಗೆ ಹೆದರಿ ಅರ್ಧ ಗಡ್ಡದಲ್ಲೇ ಓಡಿಹೋದ್ರು, ಮತ್ತೆ ಬರಲಿಲ್ಲ.”

“ಗಲಾಟೆ ಆದಾಗ ನೀನು ಹಿಂದೆ ತಿರುಗಿದ್ಯಾ?”

ಅವನು ನಕ್ಕ. “ಕತ್ತಿ ಗಂಟಲ ಮೇಲಿದ್ದಾಗ ತಿರುಗೋಕಾಗುತ್ತಾ ತಾಯಿ? ತಿರುಗಿದ್ರೆ ಬೀದೀಲಿ ಎರಡು ಕೊಲೆ ಆಗಿರೋದು! ನಮ್ಮ ಕಸುಬಲ್ಲಿ ಮೊದಲ ಪಾಠಾನೇ ಅದು, ಏನೇ ಆಗ್ಲಿ ತಿರುಗಬೇಡ. ಎಲ್ಲಾ ಕನ್ನಡೀಲೇ ಕಾಣುತ್ತಲ್ಲ.”

“ಇದನ್ನ ಕೋರ್ಟಲ್ಲಿ ಹೇಳಿದ್ಯಾ?”

“ಯಾರೂ ಕೇಳಲಿಲ್ವಲ್ಲ. ‘ಅಂಗಡಿಯಲ್ಲಿ ನಿಂತು ನೋಡಿದೆಯಾ’ ಅಂದ್ರು. ‘ಹೌದು’ ಅಂದೆ.”

ಯಾರೂ ಕೇಳಿರಲಿಲ್ಲ. ಪೊಲೀಸರು ಕೇಳಲಿಲ್ಲ, ಸರ್ಕಾರಿ ವಕೀಲರು ಕೇಳಲಿಲ್ಲ, ಆರೋಪಿಯ ವಕೀಲ ಕೇಳಲಿಲ್ಲ, ಕೆಳಗಿನ ಕೋರ್ಟು ಕೇಳಲಿಲ್ಲ. ಈ ಅಂಗಡಿಗೆ ಒಮ್ಮೆ ತಲೆ ಹಾಕಿದ್ದರೆ ಸಾಕಿತ್ತು. ಅವಳು ಜವಾನನನ್ನು ಹತ್ತಿರ ಕರೆದು ಮೆಲ್ಲನೆ, “ಕಡತ ಬಲಗೈಲಿ ಹಿಡಿದು ಆ ಮೆಟ್ಟಿಲ ತನಕ ಹೋಗಿ, ಹಾಗೇ ವಾಪಸ್ ಬಾ. ಕೈ ಬದಲಾಯಿಸಬೇಡ,” ಎಂದಳು.

ಬಾಗಿಲಲ್ಲಿದ್ದವರನ್ನು ಪಕ್ಕಕ್ಕೆ ಸರಿಸಿ ಜವಾನ ಬೀದಿ ದಾಟತೊಡಗಿದ.

“ನೀನು ಕತ್ತರಿ ನಿಲ್ಲಿಸಬೇಡಪ್ಪ. ಕೆಲಸ ಮಾಡ್ತಾನೇ ಹೇಳು. ಅವನು ಕಡತ ಯಾವ ಕೈಲಿ ಹಿಡಿದಿದಾನೆ?”

ಸಾಕ್ಷಿಯಣ್ಣ ಕನ್ನಡಿಯ ಕಡೆ ಕಣ್ಣೆತ್ತಿದ. “ಎಡಗೈ ತಾಯಿ.”

ಜವಾನ ಮೆಟ್ಟಿಲು ಮುಟ್ಟಿ, ತಿರುಗಿ, ಅಂಗಡಿಯ ಕಡೆ ಬರತೊಡಗಿದ.

“ಈಗ?”

“ಈಗ ಬಲಗೈ.” ಕತ್ತರಿ ನಿಂತಿತು. “ಕೈ ಬದಲಾಯಿಸಿದ ಅನ್ಸುತ್ತೆ.”

“ಇಲ್ಲಣ್ಣ,” ಎಂದ ಒಳಗೆ ಬಂದ ಜವಾನ. “ಬಲಗೈಲೇ ಇದೆ. ಅಮ್ಮಾವ್ರು ಬದಲಾಯಿಸಬೇಡ ಅಂದಿದ್ರು.”

ಬಾಗಿಲಲ್ಲಿದ್ದವರು “ಅಯ್ಯಯ್ಯೋ ಸಾಕ್ಷಿಯಣ್ಣಾ!” ಎಂದು ಗೊಳ್ಳೆಂದರು. ಅವರಿಗೆ ಅದು ತಮಾಷೆ. ಕಿರಿಯವಳು ತಲೆ ತಗ್ಗಿಸಿ ತನ್ನ ಎರಡೂ ಅಂಗೈ ನೋಡಿಕೊಂಡಳು. ದಿನವೆಲ್ಲ ಗಿರಾಕಿಯ ಹಿಂದೆ ನಿಂತು ಕನ್ನಡಿ ನೋಡುವವನಿಗೆ ಒಂದೇ ಲೆಕ್ಕ: ಕನ್ನಡಿಯ ಬಲಕ್ಕೆ ಕಂಡದ್ದು ಬಲ, ಎಡಕ್ಕೆ ಕಂಡದ್ದು ಎಡ. ಕುರ್ಚಿಯಲ್ಲಿ ಕೂತವನಿಗೆ ಅದು ಸರಿ, ಅಂಗಡಿಗೆ ಮುಖ ಮಾಡಿ ಬರುವವನಿಗೂ ಸರಿ. ಬೆನ್ನು ತೋರಿಸಿದವನಿಗೆ ಮಾತ್ರ ತಪ್ಪು. ಮುಖ ಕಂಡರೆ ಅವನು ತಪ್ಪುವುದಿಲ್ಲ. ಬೆನ್ನು ಕಂಡರೆ ತಪ್ಪುತ್ತಾನೆ. ಕೊಲೆಗಾರನ ಬಲತೋಳನ್ನು ಅವನು ಎಡವೆಂದದ್ದು ಅದಕ್ಕೇ. ಅವನು ಕಂಡದ್ದು ಬೆನ್ನು. ಮೆಟ್ಟಿಲ ಮೇಲೆ ಬೆನ್ನು, ಓಣಿಯಲ್ಲೂ ಬೆನ್ನು. ಕೊಲೆಗಾರ ಒಮ್ಮೆ ಈ ಕಡೆ ತಿರುಗಿದ್ದರೂ, ಕೆಂಡದ ಕಣ್ಣಿನ ಜೊತೆಗೆ ಬಲತೋಳೂ ಕಂಡು, ಬಾಯಿ ತಾನಾಗಿ ಬಲ ಅನ್ನುತ್ತಿತ್ತು. ಮುಖ ಬಂದದ್ದು ಸ್ಟೇಷನ್ನಿನ ಬೆಂಚಿನಿಂದ.

ಅವಳು ತಲೆ ಎತ್ತಿದಾಗ ಕನ್ನಡಿಯಲ್ಲಿ ಹಿರಿಯರ ಕಣ್ಣು ಸಿಕ್ಕಿತು. ಅವರಿಗೂ ಅರ್ಥವಾಗಿತ್ತು. ಮರುಕ್ಷಣವೇ ಅವರು ಕಣ್ಣು ಮುಚ್ಚಿ, “ಹಿಂದೆ ಸ್ವಲ್ಪ ಬ್ರಷ್ ಹಾಕಪ್ಪ, ಚುಚ್ಚುತ್ತೆ,” ಎಂದರು.

ಅವರು ಕಾರು ಹತ್ತುವಾಗ ಸಾಕ್ಷಿಯಣ್ಣ ಮುಂದಿನ ಗಿರಾಕಿಯನ್ನು ಕೂರಿಸಿಕೊಂಡು ಶುರುಮಾಡಿದ್ದ: “ಈಗ ಯಾರು ಕೂತಿದ್ರು ಗೊತ್ತಾ ಈ ಕುರ್ಚೀಲಿ?”

ಕೊಠಡಿಗೆ ಮರಳಿದ ಮೇಲೆ ಹಿರಿಯರು ಬಾಗಿಲು ಹಾಕಿಸಿದರು. ವಾದ ಮಾಡಲಿಲ್ಲ. ವಾದ ಮಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

“ಬಿಡೋಣಮ್ಮ ಅವನನ್ನ. ನಾನೇನು ಕಲ್ಲುಬಂಡೆ ಅಲ್ಲ. ಆದ್ರೆ ಬರೆಯೋದು ನಾನು ಹೇಳಿದ ಹಾಗಿರ್ಲಿ. ಸಾಕ್ಷಿ ಪ್ರಾಮಾಣಿಕ. ತನಿಖೆ ಶ್ಲಾಘನೀಯ. ಕೆಳಗಿನ ಕೋರ್ಟು ಸಾಕ್ಷ್ಯವನ್ನ ಎಚ್ಚರಿಕೆಯಿಂದ ತೂಗಿ ನೋಡಿದೆ. ಆದರೂ ಒಂದು ಸಣ್ಣ ವ್ಯತ್ಯಾಸ ಇರೋದ್ರಿಂದ ಸಂಶಯದ ಲಾಭ ಕೊಡ್ತೀವಿ. ಮುಗೀತು.”

“ಎಚ್ಚರಿಕೆಯಿಂದ? ಅಂಗಡಿಗೂ ಹೋಗಿಲ್ಲ ಸರ್. ಸ್ಟೇಷನ್‌ನಲ್ಲಿ ಸಾಲಲ್ಲಿ ನಿಲ್ಲಿಸೋ ಮುಂಚೇನೇ ಅವನನ್ನ ತೋರಿಸಿದಾರೆ. ನಿಮ್ಮ ಕಿವಿ ಮುಂದೇನೇ ಹೇಳಿದ.”

“ನನ್ನ ಕಿವೀಲಿ ಕತ್ತರಿ ಇತ್ತಮ್ಮ.” ಅವರು ನಕ್ಕರು, ಆಮೇಲೆ ದನಿ ತಗ್ಗಿಸಿದರು. “ಕೆಳಗಿನ ಕೋರ್ಟಲ್ಲಿ ಬರೆದವನು ನಮ್ಮ ಹುಡುಗ. ನನ್ನ ಕೈಕೆಳಗೆ ಕಲಿತವನು. ಈಗ ಬಡ್ತಿಗೆ ಹೆಸರು ಹೋಗಿದೆ. ಒಂದು ಕಪ್ಪು ಚುಕ್ಕೆ ಯಾಕೆ? ಹಾವೂ ಸಾಯಲಿ, ಕೋಲೂ ಮುರಿಯದಿರಲಿ.”

“ಹಾವು ಯಾರು ಸರ್ ಇಲ್ಲಿ?”

ಹಿರಿಯರು ಕಡತವನ್ನು ಪಕ್ಕಕ್ಕೆ ಸರಿಸಿದರು. “ನೀವು ಬೇರೆ ಬರೀತೀನಿ ಅಂದ್ರೆ ಬರೀರಿ. ನಾನೂ ಬೇರೆ ಬರೀತೀನಿ, ಶಿಕ್ಷೆ ಸರಿ ಅಂತ. ಮೂರನೆಯ ಜಡ್ಜ್ ಹತ್ರ ಹೋಗ್ಲಿ. ಅವರ ಹತ್ರ ರಾಶಿ ಬಿದ್ದಿದೆ. ವರ್ಷ ಆಗುತ್ತೋ, ಎರಡಾಗುತ್ತೋ. ಅಲ್ಲಿತನಕ ಅವನು ಒಳಗೇ. ನಿಮ್ಮ ಇಷ್ಟ.”

ಅದನ್ನು ಅವರು ಎಷ್ಟು ಮೃದುವಾಗಿ ಹೇಳಿದರೆಂದರೆ, ಬೆದರಿಕೆ ಎಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಅವರ ಕಿವಿಯ ಸುತ್ತ ಕೂದಲು ಈಗ ಅಚ್ಚುಕಟ್ಟಾಗಿತ್ತು. ಕಾಲರಿನ ಮೇಲೆ ಒಂದೆರಡು ಬಿಳಿ ತುಣುಕು ಅಂಟಿದ್ದವು. ಅವಳಿಗೆ ಆ ತುಣುಕುಗಳಿಂದ ಕಣ್ಣು ಕೀಳಲಾಗಲಿಲ್ಲ.

ಮನೆಯಲ್ಲಿ ಮಗಳು ಶೂ ಒಂದು ಕಾಣುತ್ತಿಲ್ಲವೆಂದು ಮಂಚದ ಕೆಳಗೆ ತೂರಿದ್ದಳು. ಗಂಡ ಫೋನಿನಲ್ಲಿ ಯಾರಿಗೋ ಸಿಮೆಂಟಿನ ವಿಷಯ ಹೇಳುತ್ತಿದ್ದ. ಅತ್ತೆ ತಟ್ಟೆ ಮುಂದಿಟ್ಟು ಸೊಸೆಯ ಮುಖ ನೋಡಿದರು.

“ಏನೇ ಇದು, ಪಾತ್ರೆ ತೊಳೆದ ನೀರು ಕುಡಿದವಳ ಹಾಗಿದೀಯಾ. ಯಾರು ಏನಂದ್ರು?”

“ಯಾರೂ ಏನೂ ಅನ್ಲಿಲ್ಲ ಅತ್ತೆ. ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿದ್ರು.”

“ಹಾಗಾದ್ರೆ ವಿಷಯ ಹೊಲಸೇ ಇರ್ಬೇಕು.”

ಅವಳು ಮನೆಯಲ್ಲಿ ಮೊಕದ್ದಮೆಯ ವಿಷಯ ಆಡುವವಳಲ್ಲ. ಆದರೂ ತುತ್ತು ಕಲಸುತ್ತಾ, “ಒಂದು ಕೆಟ್ಟ ಮಾತಿನ ಕೆಳಗೆ ಸಹಿ ಹಾಕಿದ್ರೆ ಒಬ್ಬರ ಮಗ ಮನೆಗೆ ಬರ್ತಾನೆ ಅಂದ್ರೆ ನೀವೇನು ಮಾಡ್ತೀರಿ?” ಎಂದಳು.

“ಹಾಕ್ತೀನಿ.” ಅತ್ತೆ ಯೋಚಿಸಲೇ ಇಲ್ಲ. “ಹಾಕಿ ಕೈ ತೊಳ್ಕೊಳ್ತೀನಿ. ತೊಳೆದ್ರೆ ಹೋಗುತ್ತಾ ಅಂತ ಮಾತ್ರ ಕೇಳ್ಬೇಡ. ಮೊಸರು ಹಾಕ್ಲಾ?”

ತೀರ್ಪಿನ ದಿನ ಹಿರಿಯರು ಗಂಟಲು ಸರಿಮಾಡಿಕೊಂಡು ಓದಿದರು. ಸಾಕ್ಷಿಯ ಪ್ರಾಮಾಣಿಕತೆ ಪ್ರಶ್ನಾತೀತ. ತನಿಖೆ ಶ್ಲಾಘನೀಯ. ಕೆಳಗಿನ ನ್ಯಾಯಾಲಯದ ಶ್ರಮ ಮೆಚ್ಚತಕ್ಕದ್ದು. ಕಿರಿಯವಳು ನೇರ ಮುಂದೆ ನೋಡುತ್ತಾ ಕೂತಿದ್ದಳು. ಅವಳು ಹಗ್ಗಜಗ್ಗಾಡಿ ಸೇರಿಸಿದ್ದು ಒಂದೇ ಸಾಲು, ಸಾಕ್ಷಿ ಕನ್ನಡಿಯಲ್ಲಿ ನೋಡಿದ್ದನೆಂಬುದು. ಹಿರಿಯರು ಅದನ್ನು ನುಂಗಿಕೊಂಡು ಓದಿದರು. ಕೊನೆಗೆ, ಸಂಶಯದ ಲಾಭ ನೀಡಿ ಬಿಡುಗಡೆ. ಕೆಳಗೆ ಇಬ್ಬರ ಸಹಿ.

ಕೊನೆಯ ಬೆಂಚಿನಿಂದ ಅಕ್ಕ ಎದ್ದು ನಿಂತಳು. “ಬಿಟ್ರಾ?” ಎಂದು ವಕೀಲನನ್ನು ಕೇಳಿದಳು.

“ಬಿಟ್ರಮ್ಮ. ನಾನು ಹೇಳಿರಲಿಲ್ವಾ?” ಎಂದ ಅವನು, ಮೊಬೈಲು ಜೇಬಿಗಿಳಿಸುತ್ತಾ.

“ಅವನು ಮಾಡಿಲ್ಲ ಅಂದ್ರಾ? ಇಲ್ಲ, ಮಾಡಿದಾನೋ ಇಲ್ವೋ ಗೊತ್ತಿಲ್ಲ ಅಂದ್ರಾ?”

“ಅದೆಲ್ಲ ಯಾಕಮ್ಮ ಈಗ. ಬಿಟ್ರಲ್ಲ, ಸಾಕು. ಕೈ ಮುಗಿದು ಹೊರಡು.”

ಅವಳು ಕೈ ಮುಗಿಯಲಿಲ್ಲ. ಬೆಂಚುಗಳ ನಡುವಿನಿಂದ ಮುಂದಕ್ಕೆ ಬಂದಳು. ಜವಾನ ತಡೆಯಲು ಹೋದವನು, ಕಿರಿಯ ನ್ಯಾಯಮೂರ್ತಿ ಕೈ ಅಲ್ಲಾಡಿಸಿದ್ದು ಕಂಡು ನಿಂತ.

“ಅಮ್ಮಾ, ನೀವು ಆವತ್ತು ಅಂಗಡೀಲಿ ಕೇಳಿದ್ದು ನಾನೂ ನೋಡ್ದೆ. ಬಾಗಿಲ ಹೊರಗೆ ನಿಂತಿದ್ದೆ. ಅವನು ಮುಖ ನೋಡಿಲ್ಲ ಅಂತ ಬೀದಿಗೆಲ್ಲ ಗೊತ್ತಾಯ್ತು. ಇದರಲ್ಲಿ ಹಾಗೆ ಬರೆದಿದೀರಾ?”

ಹಿರಿಯರು, “ನೋಡಮ್ಮ, ಕೋರ್ಟಲ್ಲಿ ಹಾಗೆಲ್ಲ…” ಎಂದು ಶುರುಮಾಡಿದರು.

“ಬರೆದಿಲ್ಲ,” ಎಂದಳು ಕಿರಿಯವಳು.

ಅಕ್ಕ ಇನ್ನೊಂದು ಹೆಜ್ಜೆ ಮುಂದಿಟ್ಟಳು.

“ಯಾಕೆ?”

ಹೇಳಬಹುದಾದ ಉತ್ತರಗಳೆಲ್ಲ ಅವಳ ನಾಲಿಗೆಯ ಮೇಲೆ ಬಂದವು. ಎರಡು ವರ್ಷ ಉಳಿಯಿತು ಎನ್ನಬಹುದಿತ್ತು, ಬೇರೆ ದಾರಿ ಇರಲಿಲ್ಲ ಎನ್ನಬಹುದಿತ್ತು. ಎಲ್ಲವೂ ನಿಜ, ಎಲ್ಲವೂ ಹಳಸಿದ ಅನ್ನದ ಹಾಗೆ ವಾಸನೆ ಹೊಡೆಯುತ್ತಿದ್ದವು. ಅವಳು ಮುಂದಿದ್ದ ತೀರ್ಪಿನ ಕಡತ ಮುಚ್ಚಿದಳು.

ಅಕ್ಕ ಅವಳನ್ನು ನೋಡಿದಳು. ಸಿಟ್ಟಿನಿಂದಲ್ಲ, ಹೊಲಿಗೆ ಕಾರ್ಖಾನೆಯಲ್ಲಿ ಕೆಟ್ಟ ಹೊಲಿಗೆ ಬಿದ್ದ ಅಂಗಿಯನ್ನು ತಿರುಗಿಸಿ ನೋಡುವ ಹಾಗೆ.

“ನಾಳೆ ಅವನು ಯಾವ ಮನೇಲಿ ಲಿಫ್ಟ್ ರಿಪೇರಿಗೆ ಹೋದ್ರೂ, ‘ಸಂಶಯದಲ್ಲಿ ಬಿಟ್ಟವನು’ ಅಂತಾರೆ. ಬಾಗಿಲು ತೆಗೆಯಲ್ಲ.” ಚೀಲದ ಹಿಡಿಯನ್ನು ಹೆಗಲಿಗೆ ಏರಿಸಿಕೊಂಡಳು. “ಆಯ್ತು. ಮನೆಗಂತೂ ಬರ್ತಾನಲ್ಲ. ಉಳಿದಿದ್ದು ನೀವೇ ಇಟ್ಕೊಳ್ಳಿ.”

ಅವಳು ಹೊರಟುಹೋದಳು. ಬಿಡುಗಡೆಯ ಆದೇಶ ಜೈಲಿಗೆ ಎಂದು ತಲುಪುತ್ತದೆಂದು ಕೇಳುತ್ತಾ, ವಕೀಲನನ್ನು ಮುಂದೆ ಮಾಡಿಕೊಂಡು ಮೆಟ್ಟಿಲಿಳಿಯುವ ಅವಳ ದನಿ ಒಳಗೂ ಕೇಳಿಸುತ್ತಿತ್ತು. ಹಿರಿಯರು ಪಕ್ಕಕ್ಕೆ ಬಾಗಿ, “ಒಂದು ಧನ್ಯವಾದ ಹೇಳೋ ಸೌಜನ್ಯ ಬೇಡ್ವಾ ಜನಕ್ಕೆ?” ಎಂದು ಪಿಸುಗುಟ್ಟಿದರು.

ಕಿರಿಯವಳು ಅವರ ಕಡೆ ತಿರುಗಲಿಲ್ಲ. ಮುಂದಿನ ಪ್ರಕರಣ ಕೂಗಲು ಹೇಳಿದಳು.